ಎರಡು ಮಿಲಿಮೀಟರ್ ಅಂತರ

ಅಕ್ಕನ ಮಗಳು ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದಳು. ಆ ಕಡೆ ಹಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸಲೇ ಇಲ್ಲ. ಕೇಳಿಸಿದ್ದು ಇಷ್ಟು: “ಮಾವ, ಕ್ಯಾಮೆರಾ ಮಾರಿಬಿಡ್ಲಾ? ಕಂಪನಿಯೋರು ಅದನ್ನ ನಿಲ್ಸಿಬಿಟ್ಟಿದಾರಂತೆ. ಇನ್ನು ಸ್ವಲ್ಪ ದಿನ ಹೋದ್ರೆ ಯಾರೂ ಮೂಸಿ ನೋಡಲ್ವಂತೆ.”

ಅವಳದ್ದು ಕ್ಯಾನನ್ ಇಒಎಸ್ ಎಂ50. ಮನೆಯ ಅಜ್ಜಿಯ ಕೈಯಲ್ಲಿ ಪತ್ರೊಡೆ, ಕಳಲೆ ಪಲ್ಯ, ಹಲಸಿನ ಹಣ್ಣಿನ ಕಡುಬು ಮಾಡಿಸಿ, ಅದನ್ನು ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕುತ್ತಾಳೆ. ಕ್ಯಾಮೆರಾದ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ತಾನೇ ಮಾತಾಡಬಹುದು, ಫೋಕಸ್ ಮುಖವನ್ನು ಬಿಡದೆ ಹಿಂಬಾಲಿಸುತ್ತದೆ ಎಂಬ ಕಾರಣಕ್ಕೆ 2019ರಲ್ಲಿ ಕಂತಿನ ಮೇಲೆ ಕೊಂಡದ್ದು. ಕೊಡಿಸಲು ಜೊತೆಗೆ ಹೋದವನು ನಾನೇ. ಅಂಗಡಿಯವರು, “ಮಿರರ್‌ಲೆಸ್ ಅಂದ್ರೆ ಹೊಸ ಕಾಲದ್ದು ಸಾರ್, ಇನ್ನು ಹತ್ತು ವರ್ಷ ಯೋಚನೆ ಮಾಡೋದೇ ಬೇಡ” ಎಂದಿದ್ದರು. ನಾನೂ ತಲೆಯಾಡಿಸಿದ್ದೆ. ಆದ್ದರಿಂದ ಅವಳ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಟ್ಟು ಫೋನ್ ಇಡಲು ಮನಸ್ಸಾಗಲಿಲ್ಲ. “ಒಂದು ವಾರ ತಡಿ, ಸರಿಯಾಗಿ ನೋಡಿ ಹೇಳ್ತೀನಿ” ಎಂದೆ. ಈ ಬರಹ ಆ ಒಂದು ವಾರದ್ದು.

ಇದು ಅವಳೊಬ್ಬಳ ಪ್ರಶ್ನೆಯಲ್ಲ. ಎಂ50 ನಮ್ಮ ಕಡೆ ಸಾಕಷ್ಟು ಕೈಗಳಲ್ಲಿದೆ. ವ್ಲಾಗ್ ಮಾಡುವ ಹುಡುಗರು, ಮದುವೆ ಮನೆಯಲ್ಲಿ ಎರಡನೇ ಕ್ಯಾಮೆರಾ ಹಿಡಿಯುವವರು, ಪ್ರವಾಸಕ್ಕೆ ಹೊರೆಯಾಗದ ಕ್ಯಾಮೆರಾ ಬೇಕೆಂದು ಡಿಎಸ್‌ಎಲ್‌ಆರ್ ಕೊಟ್ಟು ಇದನ್ನು ತಂದವರು, ಎಲ್ಲರೂ ಇದನ್ನು ಕೊಂಡಿದ್ದಾರೆ. ಜಪಾನಿನಲ್ಲಿ ಇದೇ ಕ್ಯಾಮೆರಾ ‘ಕಿಸ್ ಎಂ’ ಎಂಬ ಹೆಸರಿನಲ್ಲಿ ಮನೆಮನೆಯ ಅಮ್ಮಂದಿರ ಕೈ ಸೇರಿತು. ಇಷ್ಟು ಜನ ಕೊಂಡ ವಸ್ತುವನ್ನು ಕಂಪನಿ ಏಕೆ ನಿಲ್ಲಿಸಿತು, ನಿಲ್ಲಿಸಿತು ಎಂದರೆ ನಿಜವಾಗಿ ನಿಂತದ್ದು ಏನು, ಕೊಂಡವರು ಕಳೆದುಕೊಂಡದ್ದು ಏನು? ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡದೆ ಮಾರುವ ಮಾತನ್ನೇ ಆಡಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಎಂ ಸರಣಿ ಶುರುವಾದದ್ದು 2012ರ ಜುಲೈನಲ್ಲಿ. ಅದಕ್ಕೂ ಮೊದಲು ಕ್ಯಾನನ್‌ನ ಲೆನ್ಸ್ ಬದಲಾಯಿಸುವ ಡಿಜಿಟಲ್ ಕ್ಯಾಮೆರಾಗಳೆಲ್ಲ ಒಳಗೆ ಕನ್ನಡಿ ಇದ್ದಂಥವು. ಲೆನ್ಸಿಗೂ ಸೆನ್ಸರಿಗೂ ನಡುವೆ ಕನ್ನಡಿ ಏಳಲು ಬೀಳಲು ಜಾಗ ಬೇಕಾದ್ದರಿಂದ, ಲೆನ್ಸ್ ಕೂರುವ ಬಳೆ ಸೆನ್ಸರಿನಿಂದ 44 ಮಿಲಿಮೀಟರ್ ದೂರದಲ್ಲಿರುತ್ತಿತ್ತು. ಕನ್ನಡಿ ತೆಗೆದರೆ ಆ ದೂರದ ಅಗತ್ಯವೇ ಇಲ್ಲ. ಎಂ ಸರಣಿಯಲ್ಲಿ ಅದನ್ನು 18 ಮಿಲಿಮೀಟರ್‌ಗೆ ಇಳಿಸಿದರು. ಬಳೆಯ ಒಳಸುತ್ತಿನ ಅಗಲ 47 ಮಿಲಿಮೀಟರ್. ಈ ಬಳೆಯನ್ನೇ ಮೌಂಟ್ ಎನ್ನುವುದು. ಎಂ ಸರಣಿಯದಕ್ಕೆ ಇಎಫ್-ಎಂ ಎಂದು ಹೆಸರಿಟ್ಟರು. ಮೊದಲ ಬಾಡಿಯ ಫೋಕಸ್ ನಿಧಾನವಾಗಿತ್ತು, ಕಣ್ಣಿಟ್ಟು ನೋಡಲು ವ್ಯೂಫೈಂಡರ್ ಇರಲಿಲ್ಲ, ಜನ ಗೊಣಗಿದರು. ಮರುವರ್ಷ ಸಾಫ್ಟ್‌ವೇರ್ ಬದಲಾಯಿಸಿ ಫೋಕಸ್ ಚುರುಕು ಮಾಡಿದರು. ಎಂ3, ಎಂ10, ಎಂ5, ಎಂ6, ಎಂ100 ಹೀಗೆ ಒಂದೊಂದಾಗಿ ಬಂದು, 2018ರ ಫೆಬ್ರವರಿಯಲ್ಲಿ ಎಂ50 ಬರುವ ಹೊತ್ತಿಗೆ ಕ್ಯಾಮೆರಾ ಹದಕ್ಕೆ ಬಂದಿತ್ತು. 24 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ ಸುಮಾರು 390 ಗ್ರಾಂ.

ಆದರೆ ಈ ಸರಣಿಯ ಸೊಗಸು ಬಾಡಿಯಲ್ಲಿರಲಿಲ್ಲ, ಲೆನ್ಸಿನಲ್ಲಿತ್ತು. ನನ್ನ ಮೇಜಿನ ಮೇಲೆ 22 ಮಿಲಿಮೀಟರ್ ಎಫ್2 ಲೆನ್ಸ್ ಇದೆ. ತೂಕ 105 ಗ್ರಾಂ. ಅಂಗೈ ಮುಚ್ಚಿದರೆ ಕಾಣುವುದಿಲ್ಲ, ಅಂಗಿಯ ಜೇಬಿಗೆ ಹಾಕಿದರೆ ಜೇಬು ಜೋಲುವುದಿಲ್ಲ. ಸಂಜೆಯ ಮಬ್ಬಿನಲ್ಲಿ ದೇವಸ್ಥಾನದ ಪ್ರಾಕಾರದಲ್ಲಿ ದೀಪದ ಬೆಳಕಿಗೇ ಚಿತ್ರ ತೆಗೆಯಬಹುದಾದ ಲೆನ್ಸ್ ಅದು. ಕ್ಯಾನನ್ ಈ ಮೌಂಟಿಗೆಂದು ಒಟ್ಟು ಎಂಟು ಲೆನ್ಸ್ ಮಾಡಿತು. ಎಂಟಕ್ಕೂ ಹೊರಗಿನ ದಪ್ಪ ಒಂದೇ, ಸುಮಾರು 61 ಮಿಲಿಮೀಟರ್. ಅಗಲ ನೋಟದ 11-22 ಆಗಲಿ, ದೂರದ್ದನ್ನು ಹತ್ತಿರ ತರುವ 55-200 ಆಗಲಿ, ಒಂದೇ ಲೋಟದ ಬಾಯಿಯಷ್ಟು ದಪ್ಪ. ಇದು ತಾನಾಗಿ ಆದದ್ದಲ್ಲ. ಚೀಲದಲ್ಲಿ ಜಾಗ ಹಿಡಿಯಬಾರದು ಎಂದು ಮೊದಲೇ ಗೆರೆ ಹಾಕಿಕೊಂಡು ಕೆಲಸ ಮಾಡಿದ ಎಂಜಿನಿಯರುಗಳ ಶಿಸ್ತು ಅದರಲ್ಲಿದೆ. ಆ ಶಿಸ್ತನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಎಂಟು ಲೆನ್ಸ್ ಎಂದೆನಲ್ಲ, ಅದರಲ್ಲೇ ಮುಂದಿನ ಕಥೆ ಅಡಗಿತ್ತು. ಎಂಟನೆಯದು 32 ಮಿಲಿಮೀಟರ್ ಎಫ್1.4. ಸರಣಿಯಲ್ಲೇ ಅತ್ಯುತ್ತಮ ಎಂದು ಬಳಸಿದವರು ಹೇಳುವ ಲೆನ್ಸ್. ಅದನ್ನು ಪ್ರಕಟಿಸಿದ್ದು 2018ರ ಸೆಪ್ಟೆಂಬರ್ 5ರಂದು. ಅದೇ ದಿನ ಕ್ಯಾನನ್ ಇನ್ನೊಂದನ್ನೂ ಪ್ರಕಟಿಸಿತು: ಇಒಎಸ್ ಆರ್ ಎಂಬ ಹೊಸ ಕ್ಯಾಮೆರಾ, ಆರ್‌ಎಫ್ ಎಂಬ ಹೊಸ ಮೌಂಟ್. ಅಂದರೆ ಹಳೆಯ ಮನೆಗೆ ಕೊನೆಯ ಕಿಟಕಿ ಇಟ್ಟ ದಿನವೇ ಹೊಸ ಮನೆಗೆ ಅಡಿಗಲ್ಲು ಬಿತ್ತು. ಆಮೇಲೆ ಇಎಫ್-ಎಂಗೆ ಕ್ಯಾನನ್‌ನಿಂದ ಒಂದೂ ಹೊಸ ಲೆನ್ಸ್ ಬರಲಿಲ್ಲ. ಬಾಡಿಗಳೇನೋ ಬಂದವು. 2019ರಲ್ಲಿ ಎಂ6 ಮಾರ್ಕ್ 2 ಮತ್ತು ಎಂ200, 2020ರ ಅಕ್ಟೋಬರ್‌ನಲ್ಲಿ ಎಂ50 ಮಾರ್ಕ್ 2. ನಾವು ಬಾಡಿಗಳನ್ನು ನೋಡಿಕೊಂಡು ‘ಸರಣಿ ಚೆನ್ನಾಗಿ ನಡೆದಿದೆ’ ಎಂದುಕೊಂಡೆವು.

2022ರ ಮೇ ತಿಂಗಳಲ್ಲಿ ಆರ್‌ಎಫ್ ಮೌಂಟಿನಲ್ಲೇ ಸಣ್ಣ ಸೆನ್ಸರಿನ ಆರ್7, ಆರ್10 ಬಂದವು. 2023ರ ಫೆಬ್ರವರಿಯಲ್ಲಿ ಆರ್50. ಹೆಸರಿನಲ್ಲೇ 50 ಇದೆ, ತೂಕ ಸುಮಾರು 375 ಗ್ರಾಂ, ಪರದೆ ತಿರುಗುತ್ತದೆ, ವ್ಲಾಗ್ ಮಾಡುವವರಿಗೆ ಎಂದೇ ಮಾರಾಟ. ಎಂ50ಯ ಕುರ್ಚಿಯಲ್ಲಿ ಇನ್ನೊಬ್ಬರು ಬಂದು ಕೂತಾಗಿತ್ತು. ಅದೇ 2023ರಲ್ಲಿ ಜಪಾನಿನ ಮಾರಾಟ ಪಟ್ಟಿಯಲ್ಲಿ ಎಂ ಸರಣಿಯ ಮುಂದೆ ಉತ್ಪಾದನೆ ಮುಗಿದಿದೆ ಎಂಬ ಗುರುತು ಬಿತ್ತು.

ಕೊಳ್ಳುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ನಾವು ಅಂಗಡಿಯಲ್ಲಿ ಬಾಡಿ ನೋಡುತ್ತೇವೆ, ಮೆಗಾಪಿಕ್ಸೆಲ್ ಕೇಳುತ್ತೇವೆ, ಬಣ್ಣ ಆರಿಸುತ್ತೇವೆ. ದುಡ್ಡು ಕೊಟ್ಟು ನಿಜವಾಗಿ ಮನೆಗೆ ತರುವುದು ಮಾತ್ರ ಆ ಬಳೆಯನ್ನು. ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ, ಬದಲಾಗುತ್ತದೆ. ಲೆನ್ಸ್ ಹದಿನೈದು ಇಪ್ಪತ್ತು ವರ್ಷ ಬಾಳುವ ವಸ್ತು. ಈ ಎರಡನ್ನೂ ಹಿಡಿದಿಡುವುದು ಮೌಂಟ್. ಮೌಂಟಿಗೆ ಮುಂದೆ ದಾರಿ ಇದೆಯೇ ಎಂಬುದನ್ನು ಅದಕ್ಕೆ ಬರುತ್ತಿರುವ ಹೊಸ ಲೆನ್ಸುಗಳು ಹೇಳುತ್ತವೆ. ಕಂಪನಿಯ ಪ್ರಕಟಣೆಯೂ ಹೇಳುವುದಿಲ್ಲ, ಅಂಗಡಿಯವರ ಭರವಸೆಯೂ ಹೇಳುವುದಿಲ್ಲ.

ನಿಕಾನ್ 1 ಸರಣಿಯಲ್ಲೂ ಇದೇ ಆಗಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಬಂದ ಪುಟ್ಟ ಸೆನ್ಸರಿನ ಕ್ಯಾಮೆರಾ ಅದು. ಹಕ್ಕಿಗಳ ಚಿತ್ರ ತೆಗೆಯುವವರಿಗೆ ಅದರ ಮೇಲೆ ಅಕ್ಕರೆ. 70-300 ಲೆನ್ಸ್ ಹಾಕಿದರೆ ಫಿಲ್ಮ್ ಲೆಕ್ಕದಲ್ಲಿ 810 ಮಿಲಿಮೀಟರ್ ನೋಟ ಸಿಗುತ್ತಿತ್ತು, ಅದೂ ಕತ್ತಿಗೆ ಭಾರವಾಗದೆ. ಆ ಲೆನ್ಸ್ ಬಂದದ್ದು 2014ರಲ್ಲಿ. ಆಮೇಲೆ ಹೊಸ ಲೆನ್ಸ್ ಇಲ್ಲ. 2015ರಲ್ಲಿ ಜೆ5 ಎಂಬ ಒಂದು ಬಾಡಿ, ಅನಂತರ ಮೌನ. 2018ರಲ್ಲಿ ಸರಣಿ ಮುಗಿಯಿತೆಂದು ಕಂಪನಿ ಹೇಳಿದಾಗ, ಹೇಳಲು ಹೊಸದೇನೂ ಉಳಿದಿರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ನಿಕಾನ್ ಝಡ್ ಬಂತು. ಹಳೆಯ ಎಫ್ ಮೌಂಟ್ ಲೆನ್ಸುಗಳನ್ನು ಝಡ್‌ಗೆ ಹಾಕಲು ಅಡಾಪ್ಟರ್ ಕೊಟ್ಟರು; ನಿಕಾನ್ 1ರ ಲೆನ್ಸುಗಳಿಗೆ ಕೊಡಲಿಲ್ಲ.

ಅಡಾಪ್ಟರ್ ಎಂದ ಕೂಡಲೇ ಎಂ ಕ್ಯಾಮೆರಾ ಇರುವವರು ಕೇಳುವ ಪ್ರಶ್ನೆ ಒಂದಿದೆ: ನಮ್ಮ ಲೆನ್ಸುಗಳನ್ನು ಹೊಸ ಆರ್ ಬಾಡಿಗೆ ಹಾಕಲು ಒಂದು ಬಳೆ ಮಾಡಿಕೊಟ್ಟರೆ ಆಗುವುದಿಲ್ಲವೇ? ಆಗುವುದಿಲ್ಲ. ಇದಕ್ಕೆ ಕಾರಣ ಕಂಪನಿಯ ಮನಸ್ಸಿನಲ್ಲಿಲ್ಲ, ಅಳತೆಯಲ್ಲಿದೆ.

ಒಂದು ಸ್ಕೇಲ್ ಎದುರಿಗಿಟ್ಟುಕೊಳ್ಳಿ. ಇಎಫ್-ಎಂ ಲೆನ್ಸ್ ತನ್ನ ಸೆನ್ಸರಿನಿಂದ 18 ಮಿಲಿಮೀಟರ್ ದೂರದಲ್ಲಿ ಕೂತರೆ ಮಾತ್ರ ದೂರದ ಬೆಟ್ಟ ಸ್ಪಷ್ಟವಾಗಿ ಮೂಡುತ್ತದೆ. ಹೊಸ ಆರ್‌ಎಫ್ ಬಾಡಿಯಲ್ಲಿ ಬಳೆ ಇರುವುದು 20 ಮಿಲಿಮೀಟರ್ ದೂರದಲ್ಲಿ. ಲೆನ್ಸನ್ನು ಬಳೆಗೆ ತಾಗಿಸಿ ಒತ್ತಿ ಹಿಡಿದರೂ ಅದು ಇರಬೇಕಾದ ಜಾಗಕ್ಕಿಂತ ಎರಡು ಮಿಲಿಮೀಟರ್ ದೂರವೇ ಉಳಿಯುತ್ತದೆ. ಅಡಾಪ್ಟರ್ ದೂರವನ್ನು ಹೆಚ್ಚಿಸಬಲ್ಲದು, ಕಡಿಮೆ ಮಾಡಲಾರದು. ಆ ಎರಡು ಮಿಲಿಮೀಟರ್, ಅಂದರೆ ಒಂದು ತೊಗರಿಬೇಳೆಯ ದಪ್ಪ, ದಾಟಲಾಗದ ಹೊಳೆ. ತಿರುಗಾಮುರುಗಾ ಮಾಡೋಣವೆಂದರೆ, ಆರ್‌ಎಫ್ ಲೆನ್ಸನ್ನು ಎಂ ಬಾಡಿಗೆ ಹಾಕಲು ಆ ಎರಡು ಮಿಲಿಮೀಟರ್ ಉಳಿತಾಯವಾಗುತ್ತದಾದರೂ ಆರ್‌ಎಫ್ ಬಳೆಯ ಒಳ ಅಗಲ 54 ಮಿಲಿಮೀಟರ್. 47ರ ಬಾಯಿಗೆ 54ರ ಬುಡ ಕೂರುವಂತೆ ಅಷ್ಟು ತೆಳುವಾದ ಜಾಗದಲ್ಲಿ ಬಳೆ ಮಾಡುವುದು ಆಗದ ಕೆಲಸ.

ಎರಡು ಮಿಲಿಮೀಟರ್ ಸಾಲದೇ ಎಂದರೆ, ಅದು ಯಾವ ಕಡೆಗಿದೆ ಎನ್ನುವುದರ ಮೇಲೆ ಹೋಗುತ್ತದೆ. ಸೋನಿಯ ಇ ಮೌಂಟ್ ದೂರ 18, ನಿಕಾನ್ ಝಡ್‌ನದು 16. ಇಲ್ಲಿ ಅಂತರ ಅನುಕೂಲದ ಕಡೆಗಿದೆ. ಎರಡೇ ಮಿಲಿಮೀಟರ್ ದಪ್ಪದ ಅಡಾಪ್ಟರ್ ಹಾಕಿ ಸೋನಿ ಲೆನ್ಸುಗಳನ್ನು ನಿಕಾನ್ ಮೇಲೆ, ಆಟೋಫೋಕಸ್ ಸಮೇತ ಬಳಸುವವರಿದ್ದಾರೆ. ಅದೇ ಎರಡು ಮಿಲಿಮೀಟರ್ ಒಂದು ಕಡೆ ಸೇತುವೆ, ಇನ್ನೊಂದು ಕಡೆ ಕಂದಕ.

ಇದನ್ನೆಲ್ಲ ಹುಡುಕುತ್ತಾ ಕೂತಾಗ ನನಗೆ ಒಂದು ಹಳೆಯ ಲೆಕ್ಕ ಕಣ್ಣಿಗೆ ಬಿತ್ತು, ಬಿದ್ದಾಗ ಮೈ ಜುಮ್ಮೆಂದಿತು. ಕ್ಯಾನನ್ 1987ರಲ್ಲೂ ಇದನ್ನೇ ಮಾಡಿತ್ತು. ಆಗ ಇದ್ದದ್ದು 1971ರಿಂದ ನಡೆದುಬಂದ ಎಫ್‌ಡಿ ಮೌಂಟ್; ಅದನ್ನು ಬಿಟ್ಟು ಆಟೋಫೋಕಸ್‌ಗಾಗಿ ಇಎಫ್ ಎಂಬ ಹೊಸ ಮೌಂಟ್ ತಂದರು. ಎಫ್‌ಡಿಯ ದೂರ 42 ಮಿಲಿಮೀಟರ್, ಇಎಫ್‌ನದು 44. ಅಲ್ಲೂ ಅದೇ ಎರಡು ಮಿಲಿಮೀಟರ್, ಅದೂ ತಪ್ಪು ಕಡೆಗೆ. ಎಫ್‌ಡಿ ಲೆನ್ಸುಗಳನ್ನು ಚೀಲ ತುಂಬ ಕೂಡಿಟ್ಟುಕೊಂಡಿದ್ದ ಛಾಯಾಗ್ರಾಹಕರು ಒಂದೇ ದಿನದಲ್ಲಿ ಅನಾಥರಾದರು. ಆದರೆ ಆ ನಿರ್ಧಾರ ತಪ್ಪಾಗಿತ್ತೆಂದು ಇವತ್ತು ಯಾರೂ ಹೇಳುವುದಿಲ್ಲ. ಇಎಫ್ ಮೂರು ದಶಕ ಆಳಿತು. ಕಂಪನಿಗೆ ಸರಿಯಾದದ್ದು ಆಗ ಕೊಂಡಿದ್ದವನಿಗೆ ನಷ್ಟವಾಗಿಯೇ ಇತ್ತು. ಎರಡೂ ನಿಜ.

ಅಪ್ಪನ ಬಳಿ ಕ್ಯಾನನ್ ಎಇ-1 ಇತ್ತು, ಅದರ ಮೇಲೆ 50 ಮಿಲಿಮೀಟರ್ ಎಫ್1.8 ಎಫ್‌ಡಿ ಲೆನ್ಸ್. ಫಿಲ್ಮ್ ರೋಲ್ ಸಿಗುವುದು ಕಷ್ಟವಾದ ಮೇಲೆ ಅದು ಬೀರುವಿನ ಮೇಲಿನ ಖಾನೆ ಸೇರಿತ್ತು. ಕಳೆದ ದೀಪಾವಳಿಗೆ ಅದನ್ನು ತೀರ್ಥಹಳ್ಳಿಗೆ ಒಯ್ದಿದ್ದೆ. ಎಂ ಬಾಡಿಯ ದೂರ ಬರೀ 18 ಆದ್ದರಿಂದ 42ರ ಎಫ್‌ಡಿಗೆ 24 ಮಿಲಿಮೀಟರ್ ಉದ್ದದ ಅಡಾಪ್ಟರ್ ಹಾಯಾಗಿ ಕೂರುತ್ತದೆ. ಗಾಜಿಲ್ಲದ, ಬರಿಯ ಲೋಹದ ಕೊಳವೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು’ ಎಂಬ ಆಯ್ಕೆ ಒತ್ತಿ, ಅಕ್ಕನ ಮಗಳ ಎಂ50ಗೆ ಅಪ್ಪನ ಲೆನ್ಸ್ ಸಿಕ್ಕಿಸಿದೆವು. ಅವಳು ಕೈಯಲ್ಲೇ ಫೋಕಸ್ ಬಳೆ ತಿರುಗಿಸುತ್ತಾ, ಹಂಡೆಗೆ ಸೌದೆ ಒಟ್ಟುತ್ತಿದ್ದ ಅಜ್ಜಿಯ ಮುಖವನ್ನು ಹಿಡಿದಳು. ಬೆಂಕಿಯ ಬೆಳಕು ಒಂದು ಕೆನ್ನೆಯ ಮೇಲೆ, ಇನ್ನೊಂದು ಕೆನ್ನೆ ಹೊಗೆಯಲ್ಲಿ. 1987ರಲ್ಲಿ ‘ಮುಗಿಯಿತು’ ಎಂದ ಲೆನ್ಸ್ ತೆಗೆದ ಚಿತ್ರ ಅದು. ಈಗ ಅವರ ಮನೆಯ ನಡುಮನೆಯ ಗೋಡೆಯ ಮೇಲಿದೆ.

ಹಾಗಾದರೆ ಎಂ ಲೆನ್ಸುಗಳಿಗೂ ಮುಂದೊಂದು ದಿನ ಹೀಗೆಯೇ ಮರುಜೀವ ಬಂದೀತೇ? ಇಲ್ಲಿ ನಾನು ಸುಳ್ಳು ಸಮಾಧಾನ ಹೇಳಲಾರೆ. ಎಫ್‌ಡಿ ಲೆನ್ಸಿನ ಫೋಕಸ್ ಬಳೆ ತಿರುಗಿಸಿದರೆ ಗಾಜು ನೇರವಾಗಿ ಸರಿಯುತ್ತದೆ, ತಿರುಪಿನ ಮೇಲೆ. ಇಎಫ್-ಎಂ ಲೆನ್ಸಿನ ಬಳೆ ತಿರುಗಿಸಿದರೆ ಒಳಗಿನ ಪುಟ್ಟ ಮೋಟರಿಗೆ ಸಂದೇಶ ಹೋಗುತ್ತದೆ, ಮೋಟರು ಗಾಜನ್ನು ಸರಿಸುತ್ತದೆ. ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವುದೂ ವಿದ್ಯುತ್ತಿನಿಂದಲೇ. ಎಂ ಬಾಡಿಯ ಕರೆಂಟು ಸಿಗದಿದ್ದರೆ ಆ ಬಳೆ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಈ ಕಾಲದ ಲೆನ್ಸ್ ತನ್ನ ಬಾಡಿಯ ಜೊತೆಗೇ ಬದುಕುವಂಥದ್ದು. ಇಎಫ್-ಎಂ ಲೆನ್ಸುಗಳ ಆಯುಸ್ಸು ಎಂದರೆ ಕೆಲಸ ಮಾಡುವ ಎಂ ಬಾಡಿಗಳ ಆಯುಸ್ಸು, ಅಷ್ಟೇ. ಈ ಮಾತು ಮುಂದೆ ಬೇಕಾಗುತ್ತದೆ.

ಕಂಪನಿ ಏಕೆ ನಿಲ್ಲಿಸಿತು ಎಂಬುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿ 10 ಲಕ್ಷಕ್ಕೂ ಹೆಚ್ಚು. 2020ರಲ್ಲಿ ಅದು 90 ಲಕ್ಷಕ್ಕಿಂತ ಕಡಿಮೆ. ಮಿಕ್ಕದ್ದನ್ನು ಮೊಬೈಲ್ ಫೋನ್ ನುಂಗಿತು. ಅಷ್ಟು ಕುಗ್ಗಿದ ಸಂತೆಯಲ್ಲಿ ಇಎಫ್, ಇಎಫ್-ಎಂ, ಆರ್‌ಎಫ್ ಎಂದು ಮೂರು ಮೌಂಟ್ ಇಟ್ಟುಕೊಂಡು ಮೂರಕ್ಕೂ ಲೆನ್ಸ್ ಮಾಡುವುದು ಯಾವ ಕಂಪನಿಗೂ ಕಷ್ಟ. ಸಣ್ಣ ಕ್ಯಾಮೆರಾ ಕೊಂಡವರು ಮುಂದೆ ದೊಡ್ಡದಕ್ಕೆ ಹೋಗುವಾಗ ಲೆನ್ಸ್ ಜೊತೆಗೆ ಬರಬೇಕು. ಎಂ ಮೌಂಟಿನಲ್ಲಿ ಆ ಮೆಟ್ಟಿಲೇ ಇರಲಿಲ್ಲ. ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಲೆನ್ಸ್ ನಿಂತದ್ದು 2018ರಲ್ಲಿ, ಸರಣಿ ಮುಗಿದ ಗುರುತು ಬಿದ್ದದ್ದು 2023ರಲ್ಲಿ. ನಡುವಿನ ಐದು ವರ್ಷ ಹೊಸದಾಗಿ ಕೊಂಡವರ ಬಗ್ಗೆ ನನಗೆ ಬೇಸರವಿದೆ. ಮುಂದೆ ಹೊಸ ಲೆನ್ಸ್ ಬರುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಒಂದು ಸಾಲು ಬರೆದಿದ್ದರೂ ಕ್ಯಾಮೆರಾ ಮಾರಾಟವಾಗುತ್ತಿತ್ತು. ಕೊಂಡವರು ತಿಳಿದು ಕೊಳ್ಳುತ್ತಿದ್ದರು. ಯಾವ ಕಂಪನಿಯೂ ಈ ಸಾಲು ಬರೆಯುವುದಿಲ್ಲ, ಬರೆಯುವಂತೆ ಕಾನೂನು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಎಲ್ಲ ಸರಣಿಗಳ ಕೊನೆಯೂ ಒಂದೇ ಥರ ಅಲ್ಲ ಎನ್ನುವುದನ್ನೂ ಹೇಳಬೇಕು. ಸ್ಯಾಮ್‌ಸಂಗ್ 2014ರಲ್ಲಿ ಎನ್‌ಎಕ್ಸ್1 ಎಂಬ ಅದ್ಭುತ ಕ್ಯಾಮೆರಾ ಮಾಡಿತು, ಕೆಲವೇ ವರ್ಷದಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಸದ್ದಿಲ್ಲದೆ ಮುಚ್ಚಿತು. ಆ ಮೌಂಟನ್ನು ಮುಂದುವರಿಸಲು ಯಾರೂ ಬರಲಿಲ್ಲ. ಒಲಿಂಪಸ್ 2020ರ ಜೂನ್‌ನಲ್ಲಿ ತನ್ನ ಕ್ಯಾಮೆರಾ ವಿಭಾಗ ಮಾರುವುದಾಗಿ ಹೇಳಿದಾಗಲೂ ‘ಮುಗಿಯಿತು’ ಎಂಬ ಮಾತೇ ಎಲ್ಲೆಲ್ಲೂ. ಆದರೆ ಅದರ ಮೈಕ್ರೋ ಫೋರ್ ಥರ್ಡ್ಸ್ ಮೌಂಟ್ 2008ರಿಂದಲೂ ಪ್ಯಾನಸಾನಿಕ್ ಜೊತೆ ಹಂಚಿಕೊಂಡದ್ದು. ಒಬ್ಬರು ಬಿಟ್ಟರೆ ಇನ್ನೊಬ್ಬರಿದ್ದಾರೆ. 2021ರಿಂದ ಓಎಂ ಎಂಬ ಹೊಸ ಹೆಸರಿನಲ್ಲಿ ಕ್ಯಾಮೆರಾಗಳೂ ಲೆನ್ಸುಗಳೂ ಬರುತ್ತಿವೆ. ಗಾಬರಿಯಲ್ಲಿ ಅಗ್ಗಕ್ಕೆ ಮಾರಿದವರು ನಷ್ಟ ಮಾಡಿಕೊಂಡರು. ಇಬ್ಬರು ಮೂವರು ತಯಾರಕರು ಹಂಚಿಕೊಂಡ ಮೌಂಟ್ ಹೆಚ್ಚು ಬಾಳುತ್ತದೆ. ಹೊಸದಾಗಿ ಕೊಳ್ಳುವವರು ಇದನ್ನು ಗಮನಿಸಬೇಕು.

ಇನ್ನು ಅಕ್ಕನ ಮಗಳ ಪ್ರಶ್ನೆಗೆ ಬರೋಣ. ಅವಳ ಎಂ50 ನಿನ್ನೆಗಿಂತ ಇವತ್ತು ಯಾವುದರಲ್ಲೂ ಕಡಿಮೆಯಾಗಿಲ್ಲ. ಅವಳು ತೆಗೆಯುವುದು ಫುಲ್ ಎಚ್‌ಡಿ ವಿಡಿಯೊ; ಅದರಲ್ಲಿ ಫೋಕಸ್ ಮೊದಲಿನಷ್ಟೇ ಚುರುಕು. 4ಕೆಯಲ್ಲಿ ಚಿತ್ರದ ಅಂಚು ಇನ್ನಷ್ಟು ಕತ್ತರಿಸಿಹೋಗುತ್ತದೆ, ಫೋಕಸ್ ತಡವರಿಸುತ್ತದೆ. ಅದು ಮೊದಲ ದಿನದಿಂದ ಇದ್ದ ಮಿತಿ, ಸರಣಿ ನಿಂತದ್ದರಿಂದ ಬಂದದ್ದಲ್ಲ. ಅವಳಿಗೆ 4ಕೆಯೇ ಬೇಕೆಂದಾದರೆ ಹೊಸ ಕ್ಯಾಮೆರಾಕ್ಕೆ ಅದು ನ್ಯಾಯವಾದ ಕಾರಣ. ‘ನಿಲ್ಲಿಸಿದ್ದಾರಂತೆ’ ಎಂಬುದು ಕಾರಣವಲ್ಲ. ಕ್ಯಾಮೆರಾದ ಕಚ್ಚಾ ಫೈಲುಗಳನ್ನು ಮುಂದೆ ತೆರೆಯಲಾಗದು ಎಂಬ ಭಯವೂ ಬೇಡ. ಸಿಆರ್3 ಎಂಬ ಆ ಬಗೆ ಶುರುವಾದದ್ದೇ ಎಂ50ಯಿಂದ. ಕ್ಯಾನನ್‌ನ ಆರ್ ಕ್ಯಾಮೆರಾಗಳೂ ಅದನ್ನೇ ಬಳಸುತ್ತವೆ.

ಈಗ ಲೆನ್ಸ್ ಕೊಳ್ಳುವುದಾದರೆ ಯಾವುದು? ಎಂ ಬಾಡಿಯಲ್ಲೇ ಉಳಿಯುತ್ತೇನೆ ಎನ್ನುವವರು ಸೆಕೆಂಡ್ ಹ್ಯಾಂಡ್‌ನಲ್ಲಿ 22 ಸಿಕ್ಕರೆ ಬಿಡಬಾರದು. ಸಿಗ್ಮಾ ಕಂಪನಿ ಈ ಮೌಂಟಿಗೆ ಮಾಡಿದ 16, 30, 56 ಮೂರೂ ಚೆನ್ನಾಗಿವೆ. ಮುಂದೊಂದು ದಿನ ಆರ್‌ಎಫ್‌ಗೆ ಹೋಗುವ ಯೋಚನೆ ಇರುವವರು ಇಎಫ್-ಎಂ ಬಿಟ್ಟು ಹಳೆಯ ಇಎಫ್ ಲೆನ್ಸುಗಳನ್ನು ನೋಡಬೇಕು. ಎಂ ಬಾಡಿಗೆ ಇಎಫ್ ಅಡಾಪ್ಟರ್ ಇದೆ. ಆರ್ ಬಾಡಿಗೂ ಅಂಥದ್ದೇ ಅಡಾಪ್ಟರ್ ಇದೆ. ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಸುಲಭವಾಗಿ ಸಿಗುವ 50 ಮಿಲಿಮೀಟರ್ ಎಫ್1.8 ಇಎಫ್ ಲೆನ್ಸ್ ಹೀಗೆ ಎರಡು ಕಾಲಕ್ಕೂ ಸಲ್ಲುತ್ತದೆ. ಎರಡು ಮಿಲಿಮೀಟರ್ ಹೊಳೆಯನ್ನು ದಾಟಲು ಇರುವ ಒಂದೇ ದೋಣಿ, 44ರ ಹಳೆಯ ಲೆನ್ಸ್.

ಹೊಸ ಪೆಟ್ಟಿಗೆಯಲ್ಲಿ ಎಂ ಕ್ಯಾಮೆರಾ ಎಲ್ಲೋ ಉಳಿದ ಸ್ಟಾಕ್ ಎಂದು ಪೂರ್ತಿ ಬೆಲೆಗೆ ಕೊಡಲು ಬಂದರೆ ಮಾತ್ರ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ, ತೀರ್ಥಹಳ್ಳಿಯಲ್ಲಿ ಕ್ಯಾಮೆರಾಕ್ಕೆ ಕಂಪನಿಯ ನಿರ್ಧಾರಕ್ಕಿಂತ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರು ಅದು. ಲೆನ್ಸನ್ನು ಚರ್ಮದ ಚೀಲದಲ್ಲೋ ಬಟ್ಟೆಯ ಬೀರುವಿನಲ್ಲೋ ಇಟ್ಟರೆ ಗಾಜಿನ ಒಳಗೆ ಜೇಡರ ಬಲೆಯಂತೆ ಬಿಳಿ ಎಳೆಗಳು ಹರಡುತ್ತವೆ. ಅಪ್ಪನ ಎಫ್‌ಡಿ ಲೆನ್ಸಿನ ಅಂಚಿನಲ್ಲೂ ಅಂಥ ಒಂದು ಎಳೆ ಇದೆ, ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಹಾಗಾಗಿ ಅವಳಿಗೆ ಮೊದಲು ಹೇಳಿದ್ದು, ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಂದು, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕ್ಯಾಮೆರಾ ಇಡು ಎಂದು. ಹರಳುಗಳ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಬಹುದು; ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬಾರದು, ಅಷ್ಟೇ. ವಾರಕ್ಕೊಮ್ಮೆಯಾದರೂ ಬಳಸಬೇಕು. ಬೆಳಕು ಕಂಡ ಲೆನ್ಸಿಗೆ ಬೂಷ್ಟು ಬರುವುದು ಕಡಿಮೆ.

ಎರಡನೆಯದು ಬ್ಯಾಟರಿ. ಎಂ50ಯದು ಎಲ್‌ಪಿ-ಇ12, ಒಂದು ಚಾರ್ಜಿಗೆ ಕಂಪನಿಯ ಲೆಕ್ಕದಲ್ಲೇ 235 ಚಿತ್ರ ಮಾತ್ರ. ಮುಂದೆ ಮೊದಲು ಸಿಗದಂತಾಗುವುದು ಇದೇ. ಅಸಲಿ ಬ್ಯಾಟರಿ ಸಿಗುವಾಗಲೇ ಒಂದೆರಡು ಹೆಚ್ಚಿಗೆ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಹೆಸರೇ ಇಲ್ಲದ ಅಗ್ಗದ ಬ್ಯಾಟರಿ ಉಬ್ಬಿಕೊಂಡು ಗೂಡಿನಲ್ಲೇ ಸಿಕ್ಕಿಬಿದ್ದರೆ ಕ್ಯಾಮೆರಾವೇ ಹಾಳು. ರಿಪೇರಿಯ ಮಾತಿಗೆ ಬಂದರೆ, ಉತ್ಪಾದನೆ ನಿಂತ ಮೇಲೂ ಕೆಲವು ವರ್ಷ ಬಿಡಿಭಾಗ ಇಟ್ಟುಕೊಳ್ಳುವುದು ಜಪಾನಿನ ಕ್ಯಾಮೆರಾ ಕಂಪನಿಗಳ ರೂಢಿ. ಆದ್ದರಿಂದ ಏನಾದರೂ ಸಣ್ಣ ತೊಂದರೆ ಇದ್ದರೆ ‘ನೋಡೋಣ’ ಎಂದು ಮುಂದೂಡದೆ ಈಗಲೇ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ಯಬೇಕು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ವಾಹನ, ಗೃಹೋಪಯೋಗಿ ವಸ್ತು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ತಯಾರಕರು ತಮ್ಮ ರಿಪೇರಿ ವಿವರಗಳನ್ನು ಅಲ್ಲಿ ಹಾಕಬೇಕೆಂಬುದು ಅದರ ಉದ್ದೇಶ. ಬಿಡಿಭಾಗ ಯಾವ ವರ್ಷದ ತನಕ ಸಿಗುತ್ತದೆ ಎಂಬುದನ್ನೂ ಪ್ರತಿ ಮಾಡೆಲ್‌ನ ಮುಂದೆ ಕಾಣಿಸುವಂತಾದರೆ ಕೊಳ್ಳುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ವಾರ ಕಳೆದು ಅವಳಿಗೆ ಫೋನ್ ಮಾಡಿ ಇದಿಷ್ಟನ್ನೂ ಹೇಳಿದೆ. “ಹಂಗಾದ್ರೆ ಮಾರಲ್ಲ ಮಾವ. ಅಜ್ಜಿ ಇರೋ ತನಕ ಇದು ಸಾಕು” ಎಂದಳು. ಆ ಅಜ್ಜಿಗೆ ಈಗ 82. ಮೊನ್ನೆ ಅವಳು ಹಾಕಿದ ವಿಡಿಯೊದಲ್ಲಿ ಅಜ್ಜಿ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು, ಬೆರಳ ತುದಿಯ ಹಸಿರು ಕಲೆಯೂ ಸ್ಪಷ್ಟವಾಗಿ ಕಾಣುತ್ತಿತ್ತು.

ಓದುಗರಲ್ಲಿ ನನ್ನದೊಂದು ಕೋರಿಕೆ. ಎಂ ಲೆನ್ಸುಗಳು ಬದುಕಬೇಕಾದರೆ ಎಂ ಬಾಡಿಗಳು ಬದುಕಬೇಕು ಎಂದೆನಲ್ಲ. ಹೊಸ ಕ್ಯಾಮೆರಾ ಕೊಂಡ ಮೇಲೆ ಹಳೆಯ ಎಂ ಬಾಡಿಯನ್ನು ಬೀರುವಿಗೆ ಹಾಕಿ ಮರೆತಿದ್ದರೆ, ಇವತ್ತೇ ಹೊರತೆಗೆಯಿರಿ. ಬ್ಯಾಟರಿ ಬಿಚ್ಚಿಡಿ, ಬಾಯಿಗೆ ಮುಚ್ಚಳ ಹಾಕಿ. ಕೆಲಸ ಮಾಡುತ್ತಿದ್ದರೆ ನಿಮ್ಮ ಊರಿನಲ್ಲಿ ಚಿತ್ರ ತೆಗೆಯಲು ಕಲಿಯುತ್ತಿರುವ ಹುಡುಗಿಗೋ ಹುಡುಗನಿಗೋ ಕೊಡಿ, ಕಿಟ್ ಲೆನ್ಸ್ ಸಮೇತ. ಕೆಟ್ಟಿದ್ದರೂ ಗುಜರಿಗೆ ಹಾಕಬೇಡಿ. ಹತ್ತಿರದ ಕ್ಯಾಮೆರಾ ರಿಪೇರಿಯವರ ಕೈಗೆ ಕೊಟ್ಟುಬಿಡಿ. ಅದರೊಳಗಿನ ಒಂದು ಶಟರೋ ಒಂದು ಪರದೆಯೋ ಇನ್ನೊಂದು ಕ್ಯಾಮೆರಾಕ್ಕೆ ಬೇಕಾಗಿರುತ್ತದೆ.